ಮಾಳಿಗೆಯ ನೆಲಕ್ಕೆ ಕೆಳಗಿನಿಂದ ಬಿಸಿ

ವರ್ಷದ ಬಹುಪಾಲು ಬೆವರು ಒರೆಸಿಕೊಳ್ಳುವುದರಲ್ಲೇ ಕಳೆಯುವ ಹಿರೇಗುತ್ತಿಯಲ್ಲಿ, ನೆಲಕ್ಕೆ ಬಿಸಿ ಹಾಕಿಸಿಕೊಂಡ ಮನೆ ಒಂದೇ ಒಂದು ಇದೆ. ಅದು ನಮ್ಮದು. ಹೇಳಿಕೊಳ್ಳಲು ನನಗೆ ಸ್ವಲ್ಪ ನಾಚಿಕೆಯೇ. ಕುಮಟೆಗೆ ಹೋಗುವ ಬಸ್ಸಿನಲ್ಲಿ ಯಾರಾದರೂ ಪಕ್ಕದಲ್ಲಿ ಕೂತು, ನಿಮ್ಮನೆ ನೆಲಕ್ಕೆ ಕರೆಂಟು ಕೊಟ್ಟಿದ್ದೀರಂತೆ ಹೌದಾ ಎಂದು ಕೇಳಿದರೆ ನಾನು ಕಿಟಕಿಯ ಹೊರಗೆ ನೋಡುತ್ತೇನೆ. ನಮ್ಮ ಕಡೆ ಕರೆಂಟು ಕೊಡುವುದು ಹಂದಿ ನುಗ್ಗದಂತೆ ಬೇಲಿಗೆ. ನೆಲಕ್ಕೂ ಹಾಗೇ ಕೊಟ್ಟಿದ್ದಾರೆ ಎಂದು ತಿಳಿದವರಿದ್ದಾರೆ. ಬಳೆಗಾರ್ತಿಯೊಬ್ಬಳು ನಮ್ಮ ಜಗುಲಿಯ ಮೇಲೆ ಚಪ್ಪಲಿ ಬಿಚ್ಚಲು ಒಪ್ಪದೆ ಅಂಗಳದಲ್ಲೇ ನಿಂತು ಬಳೆ ತೊಡಿಸಿ ಹೋದಳು.

ನೆಲದ ವಿಷಯದಲ್ಲಿ ನಾನು ಸ್ವಲ್ಪ ತಿಳಿದವಳು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳಿಗೆ ತಿಳಿಯಲು ಉಳಿದದ್ದು ನೆಲ, ಒಲೆ, ಬಚ್ಚಲು ಇಷ್ಟೇ. ನಾನು ಮದುವೆಯಾಗಿ ಈ ಮನೆಗೆ ಬಂದಾಗ ಕೆಳಗೆಲ್ಲ ಸಗಣಿ ಸಾರಿಸಿದ ನೆಲ. ಅದು ಬೇಸಿಗೆಯಲ್ಲಿ ತಂಪು, ಮಳೆಗಾಲದಲ್ಲಿ ಬೆಚ್ಚಗೆ ಎಂದು ಈಗ ಪೇಪರಿನಲ್ಲಿ ಹೊಗಳಿ ಬರೆಯುತ್ತಾರೆ. ಬರೆಯುವವರು ಯಾರೂ ಸಾರಿಸಿದವರಲ್ಲ. ಆಮೇಲೆ ಕೆಂಪು ಸಿಮೆಂಟಿನ ನೆಲ ಬಂತು. ಅದನ್ನು ತೆಂಗಿನ ಎಣ್ಣೆ ಹಾಕಿ ತಿಕ್ಕಿ ತಿಕ್ಕಿ ಮುಖ ಕಾಣುವ ಹಾಗೆ ಮಾಡಿದೆವು. ಮುಖ ಕಂಡು ಏನು ಉಪಯೋಗವಾಯಿತೋ ನೆನಪಿಲ್ಲ. ಆಮೇಲೆ ಟೈಲ್ಸು. ಟೈಲ್ಸಿಗೆ ಮಳೆಗಾಲದಲ್ಲಿ ನಮಗಿಂತ ಹೆಚ್ಚು ಬೆವರು. ಬೆಳಿಗ್ಗೆ ಎದ್ದು ಕಾಲಿಟ್ಟರೆ ಕಪ್ಪೆಯ ಹೊಟ್ಟೆಯ ಮೇಲೆ ಇಟ್ಟ ಹಾಗೆ. ಊರಿನ ಅರ್ಧ ಮುದುಕಿಯರು ಸೊಂಟ ಮುರಿದುಕೊಂಡದ್ದು ಇದರ ಮೇಲೆ ಜಾರಿ. ಉಳಿದ ಅರ್ಧ ಜನ ಜಾರಲು ಕಾಯುತ್ತಿದ್ದೇವೆ.

ಮಾಳಿಗೆಯ ನೆಲ ಮಾತ್ರ ಮೊದಲಿನಿಂದಲೂ ಹಲಸಿನ ಹಲಗೆಯದು. ಅಡಿಗೆಮನೆಯ ನೆತ್ತಿಯ ಮೇಲೆ ತೊಲೆ ಹಾಕಿ, ತೊಲೆಯ ಮೇಲೆ ಹಲಗೆ ಬಡಿದು ಮಾಡಿದ ಒಂದೇ ಕೋಣೆ. ಕೆಳಗೆ ದಿನವಿಡೀ ಒಲೆ ಉರಿಯುತ್ತಿತ್ತು, ಮೇಲಿನ ಹಲಗೆ ದಿನವಿಡೀ ಬೆಚ್ಚಗಿರುತ್ತಿತ್ತು. ಈ ಮನೆಯ ಬಾಣಂತಿಯರಿಗೆಲ್ಲ ಅದೇ ಕೋಣೆ. ನಾನೂ ಅಲ್ಲೇ ಮಲಗಿದವಳು. ಅದರ ಮೇಲೆ ಹಗ್ಗದ ಮಂಚದ ಅಡಿಗೆ ಕೆಂಡದ ಮಡಕೆ ಬೇರೆ ಇಡುತ್ತಿದ್ದರು. ಕೆಳಗಿನಿಂದ ಒಲೆ, ಮಂಚದಡಿಯಿಂದ ಕೆಂಡ, ಹೊಟ್ಟೆಯೊಳಗೆ ಕಾಳುಮೆಣಸಿನ ಕಷಾಯ. ಹೆತ್ತದ್ದಕ್ಕೆ ಶಿಕ್ಷೆ ಎಂದೇ ನಾನು ತಿಳಿದಿದ್ದೆ. ಈಗ ಯೋಚಿಸಿದರೆ ಬಿಸಿ ಎಂಬುದು ಕೆಳಗಿನಿಂದಲೇ ಬರಬೇಕಾದ ವಸ್ತು. ಅನ್ನಕ್ಕೆ, ಹಂಡೆಯ ನೀರಿಗೆ, ದೋಸೆಗೆ, ಎಲ್ಲದಕ್ಕೂ ಉರಿ ಕೆಳಗೇ. ಮೇಲಿನಿಂದ ಬಿಸಿ ಕೊಡುವುದು ಕಾವು ಕೂತ ಕೋಳಿ ಮತ್ತು ಸೂರ್ಯ, ಇಬ್ಬರೇ. ಅವರಲ್ಲಿ ಸೂರ್ಯ ಮಳೆಗಾಲ ಪೂರ್ತಿ ರಜೆ ಹಾಕುತ್ತಾನೆ. ಕೋಳಿಯಾದರೂ ಎದ್ದು ಹೋಗುವುದಿಲ್ಲ.

ಗ್ಯಾಸ್ ಬಂದ ಮೇಲೆ ಒಲೆ ಹಿತ್ತಲಿನ ಕೊಟ್ಟಿಗೆಗೆ ಹೋಯಿತು. ಅಡಿಗೆಮನೆ ಬೆಳ್ಳಗಾಯಿತು, ಮಾಳಿಗೆ ತಣ್ಣಗಾಯಿತು. ಎರಡು ಮಳೆಗಾಲ ಕಳೆಯುವುದರೊಳಗೆ ಅಲ್ಲಿಟ್ಟ ಕೌದಿಗೆಲ್ಲ ಹಸಿರು ಬೂಷ್ಟಿನಂಥ ಬೂಸಲು. ಆದ್ದರಿಂದ ನನ್ನ ಮಗ ಮಂಜುನಾಥ ಕರೆಂಟಿನ ಹಾಳೆ ತಂದು ಮಾಡಿದ್ದು ಹೊಸತೇನೂ ಅಲ್ಲ. ಸಿಲಿಂಡರು ತಂದು ಹೊರಗೆ ಹಾಕಿದ್ದ ಬಿಸಿಯನ್ನೇ ಮತ್ತೆ ಒಳಗೆ ತಂದ. ಇದನ್ನು ನಾನು ಅವನಿಗೆ ಹೇಳಿದೆ. ಇದು ಬೇರೆ ಟೆಕ್ನಾಲಜಿ ಅಂದ. ಅವನಿಗೆ ಹೊನ್ನಾವರದಲ್ಲಿ ಬಲ್ಬು ವೈರುಗಳ ಅಂಗಡಿ. ಉತ್ತರ ಗೊತ್ತಿಲ್ಲದಾಗಲೆಲ್ಲ ಟೆಕ್ನಾಲಜಿ ಎನ್ನುತ್ತಾನೆ.

ಅವನಿಗೆ ಇದು ಹೊಳೆದದ್ದು ಸುಮ್ಮನೆ ಅಲ್ಲ. ಅವನ ಮಗಳು ಸಹನಾ, ನನ್ನ ಮೊಮ್ಮಗಳು, ಆಷಾಢದ ಜಡಿಮಳೆಯಲ್ಲಿ ದಿನ ತುಂಬುವ ಮೊದಲೇ ಹೆತ್ತಳು. ಹೆಣ್ಣು ಮಗು, ಅಂಗೈಯಲ್ಲಿ ಹಿಡಿಯುವಷ್ಟು. ಕುಮಟೆಯ ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡರು. ಮನೆಗೆ ಒಯ್ದ ಮೇಲೆ ಮಗು ಇರುವ ಕೋಣೆ ಬೆಚ್ಚಗಿರಬೇಕು, ಶೀತ ಇರಬಾರದು, ಹೊಗೆಯ ವಾಸನೆಯೂ ತಾಗಬಾರದು ಎಂದು ಡಾಕ್ಟರಮ್ಮ ಹೇಳಿದಳು. ಅಲ್ಲಿಗೆ ನಮ್ಮ ಕೆಂಡದ ಮಡಕೆಯ ಕತೆ ಮುಗಿಯಿತು.

ಮೊದಲ ಬಾಣಂತನ ತಾಯಿಯ ಮನೆಯಲ್ಲಿ. ನನ್ನ ಸೊಸೆ ನಾಗವೇಣಿಗೆ ಇರುವುದು ಒಬ್ಬಳೇ ಮಗಳು. ಬಸುರಿ ಎಂದು ಗೊತ್ತಾದ ದಿನದಿಂದ ಅವಳು ಬೆಳ್ಳುಳ್ಳಿ, ಓಲೆಬೆಲ್ಲ, ಹಳೇ ಸೀರೆಯ ತುಂಡು ಎಲ್ಲ ಕೂಡಿಡುತ್ತ ಬಂದಿದ್ದಳು. ಆದರೆ ನಮ್ಮ ಬೀಗಿತ್ತಿ, ಎಂದರೆ ಸಹನಾಳ ಅತ್ತೆ, ಶಾರದಕ್ಕ ಎಂಬವಳು ಭಟ್ಕಳದ ಆಚೆ ಬೆಳಕೆಯವಳು. ಅವರದು ಹೊಸ ಟೆರೇಸು ಮನೆ. ಹೊಗೆ ಇಲ್ಲ, ಸೋರುವುದಿಲ್ಲ, ಬಿಸಿ ಗಾಳಿ ಊದುವ ಹೀಟರು ಇದೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅವಳು ಸೀದಾ ಹೇಳಿದಳು:

"ಪದ್ಧತಿ ಎಲ್ಲ ಆಮೇಲೆ ನಾಗವೇಣಿ. ಮೊದ್ಲು ಮಗು ಉಸ್ರಾಡ್ಬೇಕಲ."

ತಪ್ಪು ಮಾತು ಹೇಳಿದ್ದರೆ ಜಗಳ ಆಡಬಹುದಿತ್ತು. ಹೇಳಿದ್ದು ಸರಿಯಾದ ಮಾತು. ನಾಗವೇಣಿಗೆ ಉರಿದದ್ದು ಅದಕ್ಕೇ. ಕಡೆಗೆ ಗಂಡಸರು ನಡುವೆ ಬಂದು ಒಂದು ತೀರ್ಮಾನ ಮಾಡಿದರು. ಬಿಡುಗಡೆಯ ದಿನ ಗಾಡಿ ಮೊದಲು ಹಿರೇಗುತ್ತಿಗೆ ಬರುವುದು. ಶಾರದಕ್ಕ ಕೋಣೆ ನೋಡುವುದು. ಬೆಚ್ಚಗಿದ್ದರೆ ಮಗಳು ಮೊಮ್ಮಗಳು ಇಲ್ಲಿ, ಇಲ್ಲದಿದ್ದರೆ ಗಾಡಿ ಅಂಗಳದಿಂದಲೇ ಬೆಳಕೆಗೆ. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ, ಮಗು ಎಲ್ಲಿ ಬೆಚ್ಚಗಿರುತ್ತದೋ ಅಲ್ಲಿರಲಿ ಎನ್ನುತ್ತಿದ್ದೆ. ನಾಗವೇಣಿ ನನ್ನ ಹತ್ತಿರ ಆ ವಾರ ಮಾತು ಬಿಡುತ್ತಿದ್ದಳು. ಕೇಳದಿದ್ದದ್ದೇ ಒಳ್ಳೆಯದಾಯಿತು.

ನಾವೂ ಒಂದು ಹೀಟರು ತರಬಹುದಿತ್ತಲ್ಲ ಎಂದು ನಿಮಗೆ ಅನಿಸಬಹುದು. ನಮ್ಮ ಮಾಳಿಗೆಗೆ ಹೆಂಚಿನ ಮಾಡು. ಅಲ್ಲಿ ಬಿಸಿ ಗಾಳಿ ಊದಿದರೆ ಹೆಂಚಿನ ಸಂದಿಯಲ್ಲಿ ಹೊರಗೆ ಹೋಗಿ ಕಾಗೆಗಳಿಗೆ ಸುಖವಾಗುತ್ತದೆ. ನೆಲವೇ ಬಿಸಿಯಾದರೆ ಮಂಚದಡಿಯಿಂದ ಏರಿ ಬರುತ್ತದೆ, ಕೆಂಡ ಇಟ್ಟ ಹಾಗೆಯೇ, ಹೊಗೆ ಇಲ್ಲದೆ. ಆದರೆ ಹಲಗೆ ಕೀಳುವ ಹಾಗಿಲ್ಲ. ಹಳೇ ಹಲಸು, ಎಬ್ಬಿಸಿದರೆ ಸೀಳುತ್ತದೆ. ಹಾಗಾಗಿ ಕೆಳಗಿನಿಂದಲೇ, ಅಡಿಗೆಮನೆಯಲ್ಲಿ ನಿಂತು, ತೊಲೆ ತೊಲೆಗಳ ನಡುವೆ ಹಲಗೆಯ ಹೊಟ್ಟೆಗೆ ಬಿಸಿಯ ಹಾಳೆ ಅಂಟಿಸುವುದೆಂದಾಯಿತು.

ಬಂದವನು ರಫೀಕ, ಭಟ್ಕಳದವನು, ಮಂಜುನಾಥನ ಗೆಳೆಯ. ಊರೂರಿಗೆ ಏಸಿ ಹಾಕುವುದು ಅವನ ಉದ್ಯೋಗ. ಒಮ್ಮೆ ಮಾತ್ರ ಘಟ್ಟದ ಮೇಲಿನ ಯಾವುದೋ ರೆಸಾರ್ಟಿನಲ್ಲಿ ಈ ನೆಲದ ಕೆಲಸ ಮಾಡಿದ್ದನಂತೆ. ಇಷ್ಟು ವರ್ಷ ಜನರಿಗೆ ಚಳಿ ಮಾರಿದೆ, ಈಗ ಪಾಪ ಕಳೆದುಕೊಳ್ಳುತ್ತೇನೆ ಎಂದ. ಬಾಯಿ ಸುಮ್ಮನಿರುವ ಜಾತಿಯವನಲ್ಲ. ಏಣಿ ಹತ್ತಿ ಮೊದಲ ಉಳಿ ಹಾಕಿದ್ದೇ ತಡ, ನನ್ನ ಅತ್ತೆಯ ಕಾಲದಿಂದ ಕೂತಿದ್ದ ಮಸಿ ಬುಟ್ಟಿಗಟ್ಟಲೆ ಅವನ ತಲೆಯ ಮೇಲೆ ಬಿತ್ತು. ಇಳಿದು ಬಂದವನನ್ನು ನೋಡಿದರೆ ಯಕ್ಷಗಾನದ ಆಟದಲ್ಲಿ ದೊಂದಿ ಹಿಡಿದು ಬರುವ ರಾಕ್ಷಸನ ಹಾಗೆ. ಹಲ್ಲು ಎರಡು ಸಾಲು ಮಾತ್ರ ಬಿಳಿ. ಹೆರಿಗೆಯಾದ ದಿನದಿಂದ ಮುಖ ಗಂಟು ಹಾಕಿಕೊಂಡಿದ್ದ ನಾಗವೇಣಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಮೊಸರಿನಲ್ಲಿ ಮಸಿ, ಉಪ್ಪಿನಲ್ಲಿ ಮಸಿ. ಎರಡು ದಿನ ನಾವು ಕಪ್ಪು ಮಜ್ಜಿಗೆ ಕುಡಿದೆವು.

ಮಸಿ ಹೋದ ಮೇಲೆ ಮೊಳೆಗಳು. ಮೇಲಿನಿಂದ ಹೊಡೆದ ಮೊಳೆಗಳ ತುದಿ ಕೆಳಗೆ ಮುಳ್ಳಿನ ಹಾಗೆ ಹೊರಟಿದ್ದವು. ಅವನ್ನೆಲ್ಲ ಕತ್ತರಿಸದಿದ್ದರೆ ಹಾಳೆ ಹರಿಯುತ್ತದಂತೆ. ಹಾಳೆಗಳೋ, ಆಸ್ಪತ್ರೆಯಲ್ಲಿ ಎಲುಬಿನ ಫೋಟೋ ತೆಗೆದು ಕೊಡುತ್ತಾರಲ್ಲ, ಅಂಥವು. ಕಪ್ಪಗೆ, ತೆಳ್ಳಗೆ. ಅವನ್ನು ಹಲಗೆಗೆ ಒತ್ತಿ ಬಡಿದು, ಅದರ ಕೆಳಗೆ ಬೆಳ್ಳಿ ಬಣ್ಣದ ದಪ್ಪ ಹಾಸು. ಬಿಸಿ ಮೇಲೆಯೇ ಹೋಗಬೇಕು, ಕೆಳಗಿಳಿದು ಅಡಿಗೆ ಮಾಡುವವರನ್ನು ಬೇಯಿಸಬಾರದು ಎಂದು. ಕರೆಂಟು ಹೋದರೆ ಗತಿ ಏನು ಎಂದು ನಾನು ಕೇಳಿದೆ; ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಬಂದು ಹೋಗುವ ನೆಂಟ. ಮರಕ್ಕೆ ಒಮ್ಮೆ ಬಿಸಿ ಹತ್ತಿದರೆ ಬೇಗ ಬಿಡುವುದಿಲ್ಲ ಎಂದ. ಅದು ನನಗೂ ಗೊತ್ತಿತ್ತು, ಆದರೆ ಅವನ ಬಾಯಿಂದ ಬಂದರೆ ನಾಗವೇಣಿಗೆ ಧೈರ್ಯ.

ಹೊರಡುವಾಗ ನಮ್ಮನ್ನೆಲ್ಲ ಮಾಳಿಗೆಗೆ ಕರೆದೊಯ್ದು ಬಾಗಿಲ ಹಿಂದಿನ ಮೂಲೆ ತೋರಿಸಿದ.

"ಅಜ್ಜೀ, ಈ ಮೂಲೇಲಿ ಎಂತದೂ ಇಡೂದು ಬೇಡ. ನೆಲ ಎಷ್ಟು ಬಿಸಿ ಆತು ಅಂತ ನೋಡೂ ಕಣ್ಣು ಇದ್ರಡಿಗೇ ಅದೆ. ಅದಕ್ಕೆ ಸೆಕೆ ಆದ್ರೆ ಪೂರ್ತಿ ನೆಲಕ್ಕೆ ಸೆಕೆ ಆತು ಅಂತ ತಿಳ್ಕಂಡು ಬಂದ್ ಮಾಡ್ತದೆ."

ಎಲ್ಲರೂ ತಲೆ ಆಡಿಸಿದೆವು. ಈ ಮನೆಯಲ್ಲಿ ತಲೆ ಆಡಿಸುವ ವಿಭಾಗ ಬೇರೆ, ಕೆಲಸ ಮಾಡುವ ವಿಭಾಗ ಬೇರೆ.

ಬಿಡುಗಡೆಗೆ ಇನ್ನೂ ಕೆಲವು ದಿನ ಇತ್ತು. ಒಣಗಲಿ, ಶೀತ ಬಿಡಲಿ ಎಂದು ಸ್ವಿಚ್ಚು ಹಾಕಿಯೇ ಇಟ್ಟರು. ನಾನೂ ಒಮ್ಮೆ ಹತ್ತಿ ಹೋಗಿ ಕಾಲಿಟ್ಟು ನೋಡಿದೆ. ಚೆನ್ನಾಗಿತ್ತು. ಚೆನ್ನಾಗಿದೆ ಎಂದು ಯಾರಿಗೂ ಹೇಳಲಿಲ್ಲ. ಹೇಳಿದರೆ ಮಂಜುನಾಥನ ಟೆಕ್ನಾಲಜಿ ಇನ್ನಷ್ಟು ಬೆಳೆಯುತ್ತಿತ್ತು.

ಇಲ್ಲಿ ನಮ್ಮ ಕರಾವಳಿಯ ಹೆಂಗಸರ ಒಂದು ಕಾಯಿಲೆಯ ಬಗ್ಗೆ ಹೇಳಬೇಕು. ಆಷಾಢದಲ್ಲಿ ಒಂದು ಬೆಚ್ಚಗಿನ ಜಾಗ ಖಾಲಿ ಬಿದ್ದಿರುವುದನ್ನು ನಮ್ಮ ಕಣ್ಣಿಗೆ ನೋಡಲಾಗುವುದಿಲ್ಲ. ಏನನ್ನಾದರೂ ಒಣಗಿಸಲೇಬೇಕು. ಬಿಸಿಲಿಗೆ ನಾವು ಹುಟ್ಟಿದಾಗಿನಿಂದ ಬಡವರು. ನಾಲ್ಕು ತಿಂಗಳು ಬಟ್ಟೆ, ಹಪ್ಪಳ, ಮುರುಗಲ ಸಿಪ್ಪೆ, ಕೊಬ್ಬರಿ, ಎಲ್ಲವೂ ಅರ್ಧ ಹಸಿ. ಮೋಡ ಸ್ವಲ್ಪ ಹರಿದರೆ ಊರಿಗೆ ಊರೇ ಗೆರಸೆ ಮೊರ ಹಿಡಿದು ಅಂಗಳಕ್ಕೆ ಓಡುತ್ತದೆ. ಹೊರನಾಡಿನವರು ನೋಡಿದರೆ ಏನೋ ಪೂಜೆ ಎಂದುಕೊಂಡಾರು.

ಮೊದಲು ನಾಗವೇಣಿ ಬಾಣಂತಿಯ ಬಟ್ಟೆ ತುಂಡುಗಳನ್ನು ಹಾಸಿದಳು. ಅದಕ್ಕೆ ಯಾರೂ ಏನೂ ಅನ್ನುವ ಹಾಗಿಲ್ಲ. ಆಮೇಲೆ ಮಳೆಗೆ ಸಿಕ್ಕಿ ಅರ್ಧ ಒಣಗಿ ಕೂತಿದ್ದ ಮುರುಗಲ ಸಿಪ್ಪೆ ಮೇಲೇರಿತು. ವರ್ಷದ ಸಾರಿನ ಹುಳಿ ಅದು. ಬೂಸಲು ಬಂದರೆ ಮುಗಿಯಿತು. ಮಾರನೇ ದಿನಕ್ಕೆ ಸುದ್ದಿ ಬೇಲಿ ದಾಟಿತು. ಪಕ್ಕದ ಮನೆಯ ಹಪ್ಪಳ ಬಂತು. ಅದರಾಚೆಯ ಮನೆಯವರ ನೆನೆದ ಮದುವೆ ಆಲ್ಬಮ್ಮು ಬಂತು, ಮದುಮಗನ ಮೂಗಿನ ಮೇಲೆ ಬೂಸಲು ಹಿಡಿದದ್ದು. ತದಡಿ ಬಂದರದಿಂದ ತಂದ ಸಿಗಡಿ ಒಂದು ಬುಟ್ಟಿ ಏಣಿಮೆಟ್ಟಿಲ ತನಕ ಬಂದಿತ್ತು. ಅದನ್ನು ನಾನು ಅಲ್ಲೇ ತಡೆದೆ. ಇದು ಬಾಣಂತಿ ಕೋಣೆಯೋ ಬಂದರವೋ ಎಂದೆ. ತಂದವಳು ಮುಖ ಸಣ್ಣ ಮಾಡಿಕೊಂಡು ಹೋದಳು, ಈಗಲೂ ಸಣ್ಣಗೇ ಇದೆ.

ಬಿಡುಗಡೆಯ ಬೆಳಿಗ್ಗೆ ಮಂಜುನಾಥ ಗಾಡಿಯ ಜೊತೆ ಆಸ್ಪತ್ರೆಗೆ ಹೋದ. ನಾಗವೇಣಿ ಮಾಳಿಗೆ ಗುಡಿಸಿ, ಹಗ್ಗದ ಮಂಚ ಹಾಕಿ, ಊರವರ ಸಾಮಾನನ್ನೆಲ್ಲ ಅವರವರ ಮನೆಗೆ ಸಾಗಿಸಿದಳು. ಮುರುಗಲ ಸಿಪ್ಪೆ ಮಾತ್ರ ಉಳಿಯಿತು. ಇನ್ನೇನು ಒಣಗಿತ್ತು, ಕೆಳಗೆ ತಂದರೆ ಮತ್ತೆ ಮೆತ್ತಗಾಗುತ್ತದೆ. ಎಲ್ಲ ಸಿಪ್ಪೆಯನ್ನೂ ಒಂದು ಗುಡ್ಡೆ ಮಾಡಿ ಬಾಗಿಲ ಹಿಂದೆ ತಳ್ಳಿ, ಬೀಗಿತ್ತಿಯ ಕಣ್ಣಿಗೆ ಬೀಳದಿರಲಿ ಎಂದು ಮೇಲೊಂದು ಕಂಬಳಿ ಮುಚ್ಚಿದಳು. ಬಾಗಿಲು ತೆರೆದರೆ ಮೂಲೆ ಕಾಣುವುದಿಲ್ಲ. ಅವಳ ಲೆಕ್ಕ ಸರಿಯಾಗಿಯೇ ಇತ್ತು. ಆ ಮೂಲೆಗೆ ಬೇರೊಂದು ಕಣ್ಣಿದೆ ಎಂಬುದು ಗಡಿಬಿಡಿಯಲ್ಲಿ ಮರೆತಿತ್ತು.

ಮಧ್ಯಾಹ್ನದ ಹೊತ್ತಿಗೆ, ಛತ್ರಿ ಮುರಿಯುವ ಮಳೆಯಲ್ಲಿ ಗಾಡಿ ಬಂತು. ಸಹನಾ ಮಗುವನ್ನು ಎದೆಗೆ ಅವುಚಿಕೊಂಡು ಕೆಳಗಿನ ಕೋಣೆಯಲ್ಲಿ ಕೂತಳು. ಶಾರದಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಮಾಳಿಗೆ ಹತ್ತಿದಳು. ಹಿಂದೆ ನಾಗವೇಣಿ, ಅವಳ ಹಿಂದೆ ಮಂಡಿ ಹಿಡಿದುಕೊಂಡು ನಾನು. ಶಾರದಕ್ಕ ಬಗ್ಗಿ ಮಂಚದಡಿಗೆ ಅಂಗೈ ಇಟ್ಟಳು. ಕಿಟಕಿಯ ಹತ್ತಿರ ಇಟ್ಟಳು. ಮತ್ತೆ ಮಂಚದಡಿಗೆ ಇಟ್ಟಳು. ಬಲ್ಬು ಉರಿಯುತ್ತಿತ್ತು, ಗೋಡೆಯ ಮೇಲೆ ರಫೀಕ ಕೂರಿಸಿದ್ದ ಬಿಸಿಯ ಯಂತ್ರಕ್ಕೂ ಜೀವ ಇತ್ತು.

"ನಾಗವೇಣಿ, ನೆಲ ತಣ್ಣಗದೆ," ಅಂದಳು.

ಗೆದ್ದ ದನಿಯೇನೂ ಅಲ್ಲ. ನಿಜ ಹೇಳಬೇಕೆಂದರೆ ಅವಳಿಗೂ ಬೇಸರವಾದ ಹಾಗಿತ್ತು. ಗಾಡಿ ತಿರುಗಿಸಲು ಹೇಳುತ್ತೇನೆ ಎಂದು ಮೆಟ್ಟಿಲ ಕಡೆ ತಿರುಗಿದಳು. ನಾಗವೇಣಿ ಮಂಚದ ಅಂಚಿಗೆ ಕೂತುಬಿಟ್ಟಳು. ನಾನು ರಫೀಕನನ್ನು ಮನಸ್ಸಿನಲ್ಲೇ ಬಯ್ಯಲು ಶುರು ಮಾಡಿದ್ದೆ. ಅಷ್ಟರಲ್ಲಿ ನಾಗವೇಣಿಯ ಕಣ್ಣು ಬಾಗಿಲಿಗೆ ಹೋಯಿತು. ಅಲ್ಲೇ ನಿಂತಿತು.

ಅವಳು ಸುಮ್ಮನಿರಬಹುದಿತ್ತು. ಯಂತ್ರ ಕೆಟ್ಟಿತು ಎಂದರೆ ಮಗಳು ಬೆಳಕೆಗೆ ಹೋಗುತ್ತಿದ್ದಳು, ಮಾನ ಉಳಿಯುತ್ತಿತ್ತು. ಪುಟ್ಟ ಮೊಮ್ಮಗಳಿಗೆ ಎಂದು ಮಾಡಿಸಿದ ನೆಲದ ಮೇಲೆ ಹುಳಿ ಒಣಗಿಸಿದವಳು ಎಂದು ಬೀಗರ ಮನೆಯಲ್ಲಿ ಹೆಸರಾಗುವುದು ಸಣ್ಣ ಮಾತಲ್ಲ. ಮೂರು ತಲೆಮಾರು ಆಡಿಕೊಳ್ಳುವ ವಿಷಯ. ಆದರೆ ಅವಳು ಎದ್ದು ಬಾಗಿಲು ಸರಿಸಿ ಕಂಬಳಿ ಎಳೆದಳು. ಹುಳಿ ವಾಸನೆ ಬಿಸಿಬಿಸಿಯಾಗಿ ಮೂಗಿಗೆ ಹೊಡೆಯಿತು.

"ನಾನೇ ಇಟ್ಟದ್ದು ಶಾರದಕ್ಕ. ಇದ್ರಡಿಗೆ ಅದ್ರ ಕಣ್ಣದೆ. ಅದಕ್ಕೆ ಬಂದ್ ಆತು."

ಶಾರದಕ್ಕ ಗುಡ್ಡೆಯನ್ನೂ ನೋಡಿದಳು, ನಾಗವೇಣಿಯನ್ನೂ ನೋಡಿದಳು. ಬಯ್ಯುತ್ತಾಳೆ ಎಂದು ನಾನು ಕಿವಿ ನೆಟ್ಟಗೆ ಮಾಡಿಕೊಂಡೆ. ಅವಳು ಕೂತು, ಸಿಪ್ಪೆಯ ಒಳಗೆ ಕೈ ತೂರಿಸಿ, ಒಂದು ತುಂಡು ತೆಗೆದು ಬೆರಳಲ್ಲಿ ಮುರಿದಳು.

"ಇನ್ನೊಂದಿನ ಬೇಕಿತ್ತು," ಅಂದಳು. "ನಮ್ದು ಈ ಸಲ ಪೂರಾ ಬೂಸ್ಲು ಬಂದು ಹೋತು ಮಾರಾಯ್ತಿ."

ಕಾಯಿಲೆ ಬೆಳಕೆಯಲ್ಲೂ ಇದೆ ಎಂದು ನನಗೆ ಸಮಾಧಾನವಾಯಿತು.

ಸಿಪ್ಪೆಯನ್ನು ಕೆಳಗಿಳಿಸಿದೆವು. ಸ್ವಲ್ಪ ಹೊತ್ತು ನೋಡೋಣ, ಬಿಸಿಯಾಗದಿದ್ದರೆ ಹೊರಟೆ ಎಂದಳು ಶಾರದಕ್ಕ. ನಿಂತು ನೋಡಲು ಬರುವ ವಿಷಯ ಅಲ್ಲ ಇದು. ಹಾಲಿಗೆ ಉರಿ ಇಟ್ಟರೆ ಕಣ್ಣಿಗೆ ಕಾಣುತ್ತದೆ, ಹಲಗೆಗೆ ಬಿಸಿ ಬಂತೋ ಎಂದು ತಿಳಿಯಲು ಅದರ ಮೇಲೆ ಕೂರಲೇಬೇಕು. ಮೂವರೂ ಗೋಡೆಗೆ ಒರಗಿ ಕೂತೆವು. ಮೊದಮೊದಲು ನೆಲ ತಣ್ಣಗೇ ಇತ್ತು. ಕಾಲನ್ನು ಸೀರೆಯೊಳಗೆ ಎಳೆದುಕೊಂಡಿದ್ದೆವು. ಆಮೇಲೆ ಶಾರದಕ್ಕ ಆಸ್ಪತ್ರೆಯ ಬೆಂಚಿನ ಬಗ್ಗೆ ಹೇಳಿದಳು. ಮಗುವಿಗೆ ಉಸಿರಿನ ನಳಿಗೆ ಹಾಕಿದ ದಿನ ತಾನು ಊಟ ಮಾಡಿರಲಿಲ್ಲ ಅಂದಳು. ನಾಗವೇಣಿ ತಾನೂ ಮಾಡಿರಲಿಲ್ಲ ಅಂದಳು. ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತು ಇಬ್ಬರೂ ಉಪವಾಸ ಇದ್ದರಂತೆ, ಒಬ್ಬರಿಗೊಬ್ಬರು ಹೇಳದೆ. ನಾನು ಆ ದಿನ ಮನೆಯಲ್ಲಿದ್ದೆ, ಉಂಡಿದ್ದೆ. ಅದನ್ನು ಹೇಳುವ ಅಗತ್ಯ ಕಾಣಲಿಲ್ಲ.

ಬಿಸಿ ಯಾವಾಗ ಬಂತೋ ಗೊತ್ತಾಗಲಿಲ್ಲ. ಶಾರದಕ್ಕನ ಪಾದ ಸೀರೆಯಿಂದ ಹೊರಗೆ ಬಂದದ್ದು ಕಂಡಿತು. ಮಾತು ನಡುನಡುವೆ ತುಂಡಾಗತೊಡಗಿತು. ತಲೆ ಒಂದು ಬದಿಗೆ ವಾಲಿತು. ಕಡೆಗೆ ಅವಳು ಹಲಗೆಯ ಮೇಲೆ ಅಡ್ಡ ಬಿದ್ದು, ಕೈಯನ್ನೇ ತಲೆಗೆ ಕೊಟ್ಟುಕೊಂಡು ಗೊರಕೆ ಹೊಡೆದಳು. ಎಷ್ಟು ದಿನದ ನಿದ್ದೆಯೋ. ತೀರ್ಪು ಹೇಳಬೇಕಾದವಳು ಮಲಗಿದರೆ ಏನು ಮಾಡಬೇಕೆಂದು ನಾಗವೇಣಿ ನನ್ನ ಮುಖ ನೋಡಿದಳು. ನಾನು ಮಂಚ ತೋರಿಸಿದೆ. ಅವಳು ಕೆಳಗಿಳಿದು ಸಹನಾಳನ್ನೂ ಮಗುವನ್ನೂ ಕರೆತಂದಳು. ಮಲಗಿದ ಬೀಗಿತ್ತಿಯನ್ನು ಸುತ್ತು ಹಾಕಿ, ಸದ್ದಾಗದಂತೆ ಮಂಚಕ್ಕೆ ಸೇರಿಸಿದಳು.

ಮಗು ಹಾಲಿಗೆ ಅತ್ತಾಗ ಶಾರದಕ್ಕನಿಗೆ ಎಚ್ಚರವಾಯಿತು. ತಾನು ಎಲ್ಲಿದ್ದೇನೆ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಮಂಚದಡಿಗೆ ಅಂಗೈ ಇಟ್ಟಳು, ಅಲ್ಲೇ ಬಿಟ್ಟಳು.

"ಈ ಮಳೇಲಿ ಮತ್ತೆ ಎಬ್ಸ್ಕಂಡು ಹೋಗೂದು ಎಂತಕೆ. ಗಾಡಿ ಕಳ್ಸಿ," ಅಂದಳು.

ನಾಗವೇಣಿಯ ಮುಖ ಅರಳಿತು. ಅರಳಿ ಮುಗಿಯುವುದರೊಳಗೆ ಶಾರದಕ್ಕ ಮಾತು ಪೂರ್ತಿ ಮಾಡಿದಳು.

"ನಾನೂ ಇಲ್ಲೇ ಇರ್ತೆ."

ಇದ್ದಳು. ಹೆಸರಿಡುವ ತನಕ ಇದ್ದಳು, ಆಮೇಲೂ ಇದ್ದಳು. ಮಗು ದಿನದಿಂದ ದಿನಕ್ಕೆ ಮೈಗೂಡಿತು. ಬಾಣಂತಿಗೆ ಎಣ್ಣೆ ಯಾರು ಹಚ್ಚಬೇಕು, ಕಷಾಯಕ್ಕೆ ಮೆಣಸು ಎಷ್ಟು ಎಂದು ಇಬ್ಬರು ಅಜ್ಜಿಯರೂ ದಿನಾ ಬೆಳಿಗ್ಗೆ ವಾದ ಮಾಡಿದರು. ಊಟವಾದ ಮೇಲೆ ಮಾತ್ರ ಗೋಡೆಯ ಬದಿ ಸಾಲಾಗಿ ಮಲಗಿ ಒಂದೇ ತಾಳದಲ್ಲಿ ಗೊರಕೆ ಹೊಡೆದರು. ಇದನ್ನು ಪ್ರೀತಿ ಎಂದು ನಾನು ಹೇಳುವುದಿಲ್ಲ. ಬೆನ್ನು ಬೆಚ್ಚಗಿತ್ತು, ಅಷ್ಟೇ. ಆದರೆ ಒಂದು ಕಂಡೆ. ಕುರ್ಚಿ ಹಾಕಿದರೆ ನೆಂಟರು ಹೊರಡುವ ಹೊತ್ತು ನೋಡುತ್ತಾರೆ. ನೆಲ ಬೆಚ್ಚಗಿದ್ದರೆ ಕೂರುತ್ತಾರೆ, ಕೂತವರು ಮಲಗುತ್ತಾರೆ, ಮಲಗಿದವರ ಹತ್ತಿರ ಎಷ್ಟು ಅಂತ ಜಗಳ ಆಡಲಾಗುತ್ತದೆ?

ಒಂದು ದಿನ ರಫೀಕ ಯಂತ್ರ ಹೇಗಿದೆ ಎಂದು ನೋಡಲು ಬಂದ. ನಾಗವೇಣಿ ಅವನನ್ನು ಅಡಿಗೆಮನೆಯ ಬಾಗಿಲಿಗೆ ಕರೆದು, ದನಿ ತಗ್ಗಿಸಿ, ಮಂಚದಡಿಗೆ ಮಾತ್ರ ಬಿಸಿ ಬಿಟ್ಟು ಗೋಡೆಯ ಬದಿಗೆ ತಣ್ಣಗೆ ಮಾಡಲು ಬರುತ್ತದೆಯೋ ಎಂದು ಕೇಳಿದಳು. ಅವನು ಮೇಲಿನ ತೊಲೆಗಳನ್ನು ನೋಡಿ, ತಲೆ ಕೆರೆದುಕೊಂಡು, ಹಾಳೆ ಎಲ್ಲ ಒಂದಕ್ಕೊಂದು ಸೇರಿದೆ ಅಕ್ಕ, ಒಬ್ಬರಿಗೆ ಕೊಟ್ಟು ಒಬ್ಬರಿಗೆ ಬಿಡಲು ಆಗುವುದಿಲ್ಲ ಎಂದ. ಊಟ ಮುಗಿದ ಮೇಲೆ ನಾಗವೇಣಿ ಮಾಳಿಗೆ ಹತ್ತಿ ಹೋಗಿ, ಗೋಡೆಯ ಬದಿಗೆ ಬೀಗಿತ್ತಿಗೆಂದು ಒಂದು ದಿಂಬು ಹಾಕಿದಳು. ಸಣ್ಣದು, ಹತ್ತಿ ಗಂಟುಗಟ್ಟಿದ್ದು. ಆದರೂ ದಿಂಬು.